ನಮ್ಮ ಹಳ್ಳದ ಮರಳು

ಹರಪನಹಳ್ಳಿ ಸೀಮೆಯ ನೀಲಗುಂದಕ್ಕೆ ಹೋದವರು ಅಲ್ಲಿಯ ಭೀಮೇಶ್ವರ ದೇವಾಲಯವನ್ನು ನೋಡದೆ ಬರುವುದಿಲ್ಲ. ಕಲ್ಯಾಣ ಚಾಳುಕ್ಯರ ಕಾಲದ, ಬಳಪದ ಕಲ್ಲಿನ ಗುಡಿ ಅದು. ಆದರೆ ಆ ಸೀಮೆಯ ಹಳ್ಳಗಳ ಮರಳನ್ನು ನಿಂತು ನೋಡುವವರು ವಿರಳ. ಅದಕ್ಕೂ ಒಂದು ಚರಿತ್ರೆಯುಂಟೆಂಬುದು ನನಗೆ ಹೊಳೆದದ್ದು ದೂರದ ಕಡಲ ತೀರದಲ್ಲಿ.

ಒಮ್ಮೆ ವಿದ್ಯಾರ್ಥಿಗಳೊಡನೆ ಮರವಂತೆಗೆ ಹೋಗಿದ್ದೆ. ಅಲ್ಲಿ ಹೆದ್ದಾರಿಯ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕಾ ನದಿ; ನಡುವೆ ಕಿರಿದಾದ ಮರಳಿನ ಪಟ್ಟಿ. ನೀಲಗುಂದದ ಕಡೆಯ ಹುಡುಗನೊಬ್ಬ ಕರವಸ್ತ್ರದಲ್ಲಿ ಮರಳು ಕಟ್ಟಿಕೊಳ್ಳುತ್ತ, "ನಮ್ಮ ಹಳ್ಳದ ಮರಳೂ ಇಲ್ಲಿಗೇ ಬರುತ್ತದೆಯೇ, ಸಾರ್?" ಎಂದು ಕೇಳಿದ. ನಾನು ಕನ್ನಡದ ಮೇಷ್ಟ್ರು, ಉತ್ತರ ಹೇಳಲಾಗಲಿಲ್ಲ. ಊರಿಗೆ ಬಂದು ಭೂಗೋಳದ ಗೆಳೆಯರನ್ನು ಕೇಳಿ, ನಾಲ್ಕಾರು ಪುಸ್ತಕ ತಿರುವಿದೆ.

ಬರುವುದಿಲ್ಲ. ಘಟ್ಟದ ನೆತ್ತಿ ನೀರನ್ನು ಎರಡು ಪಾಲು ಮಾಡುತ್ತದೆ. ಪಡುವಣಕ್ಕೆ ಇಳಿದ ಹೊಳೆಗಳು ಮರವಂತೆಯಂಥ ತೀರಗಳಿಗೆ ಮರಳು ತರುತ್ತವೆ. ನಮ್ಮ ಹಳ್ಳಗಳು ತುಂಗಭದ್ರೆಯನ್ನು, ತುಂಗಭದ್ರೆ ಕೃಷ್ಣೆಯನ್ನು, ಕೃಷ್ಣೆ ಆಂಧ್ರದ ಹಂಸಲದೀವಿಯ ಬಳಿ ಬಂಗಾಳ ಕೊಲ್ಲಿಯನ್ನು ಸೇರುತ್ತವೆ. ಹಾದಿಯಲ್ಲಿ ಕಲ್ಲಿನ ಮೃದುವಾದ ಅಂಶಗಳು ಕೊಳೆತು ಜೇಡಿಯಾಗುತ್ತವೆ. ಗಟ್ಟಿಯಾದ ಬೆಣಚು ಕಣಗಳು ಉಳಿದು ಮುಂದೆ ಸಾಗುತ್ತವೆ.

ತೀರ ಮುಟ್ಟಿದ ಮರಳಿಗೂ ವಿಶ್ರಾಂತಿಯಿಲ್ಲ. ಬಿರುಗಾಳಿಯ ಅಲೆ ಅದನ್ನು ಎಳೆದೊಯ್ದು ನೀರಿನೊಳಗೆ ದಿಬ್ಬವಾಗಿ ಹಾಕುತ್ತದೆ. ಶಾಂತಕಾಲದ ಅಲೆ ಮತ್ತೆ ದಂಡೆಗೆ ತರುತ್ತದೆ. ಓರೆಯಾಗಿ ಬಡಿಯುವ ಅಲೆ ಅದನ್ನು ಕರೆಯುದ್ದಕ್ಕೂ ನೂಕಿ ನದೀಮುಖದಲ್ಲಿ ನಾಲಗೆಯಂತೆ ಚಾಚಿಸುತ್ತದೆ. ಒಣಗಿದ್ದನ್ನು ಗಾಳಿ ಹಿಂದಕ್ಕೆ ತೂರಿ ದಿಣ್ಣೆ ಕಟ್ಟುತ್ತದೆ. ಬಳ್ಳಿ ಹಬ್ಬಿದರೆ ದಿಣ್ಣೆ ನಿಲ್ಲುತ್ತದೆ.

ಕೃಷ್ಣೆಯ ಮಣ್ಣು ಮರಳುಗಳಿಂದ ಹೀಗೆ ಒಂದು ನಾಡೇ ಹುಟ್ಟಿತು. ಕ್ರಿ.ಶ. ಎರಡನೆಯ ಶತಮಾನದ ಟಾಲೆಮಿ ಆ ಕರಾವಳಿಯನ್ನು ಮೈಸೋಲಿಯ ಎಂದು ಕರೆದ. ಅವನು ಹೆಸರಿಸಿದ ಕಂಟಕೋಸ್ಸಿಲವನ್ನು ವಿದ್ವಾಂಸರು ಘಂಟಸಾಲವೆಂದು ಗುರುತಿಸಿದ್ದಾರೆ. ಬೌದ್ಧ ಸ್ತೂಪವಿದ್ದ ಆ ಊರು ಇಂದು ಕಡಲಿನಿಂದ ದೂರ, ಒಳನಾಡಿನಲ್ಲಿದೆ. ಮಚಲೀಪಟ್ಟಣದಲ್ಲಿ 1605ರಲ್ಲಿ ಡಚ್ಚರೂ 1611ರಲ್ಲಿ ಇಂಗ್ಲಿಷರೂ ಕೋಠಿ ತೆರೆದರು. ಗೋಲ್ಕೊಂಡದ ಬಟ್ಟೆ ಅಲ್ಲಿಂದ ಹಡಗೇರಿತು. ಆದರೆ ನೀರು ಆಳವಿಲ್ಲದ್ದರಿಂದ ದೊಡ್ಡ ಹಡಗುಗಳು ದೂರದಲ್ಲೇ ಲಂಗರು ಹಾಕಬೇಕಿತ್ತು. ಅಲ್ಲಿಯ ವ್ಯಾಪಾರಿ ಅಂದು ಶಪಿಸಿದ ಮರಳಿನಲ್ಲಿ ನಮ್ಮ ಸೀಮೆಯ ಪಾಲೂ ಇತ್ತು.

ಇಂದು ಅಲ್ಲಿಯ ದೂರು ತಿರುವುಮುರುವಾಗಿದೆ. ಹೊಸಪೇಟೆಯ ಬಳಿ ತುಂಗಭದ್ರಾ ಅಣೆಕಟ್ಟು 1953ರಲ್ಲಿ ಮುಗಿಯಿತು. ಒಣನೆಲ ಹಸಿರಾದದ್ದು ಅದರಿಂದಲೇ. ಅದನ್ನು ಅಲ್ಲಗಳೆಯುವವನು ಕೃತಘ್ನ. ಆದರೆ ಮೊದಲಿಗೆ ಸುಮಾರು 133 ಟಿಎಂಸಿ ನೀರು ಹಿಡಿಯುತ್ತಿದ್ದ ಜಲಾಶಯ ಹೂಳು ತುಂಬಿ ಸುಮಾರು 105ಕ್ಕೆ ಇಳಿದಿದೆ. ತಪ್ಪಿಸಿಕೊಂಡು ಹೋದದ್ದನ್ನು ಕೆಳಗೆ ಶ್ರೀಶೈಲ, ನಾಗಾರ್ಜುನಸಾಗರಗಳು ತಡೆಯುತ್ತವೆ. ಹಳ್ಳದಲ್ಲಿ ಉಳಿದದ್ದು ಲಾರಿಯೇರಿ ಪಟ್ಟಣಗಳಿಗೆ ಬಂದು ನಮ್ಮ ನಿಮ್ಮ ಮನೆಯ ಗೋಡೆಯಾಗುತ್ತದೆ. ಅತ್ತ ಕೃಷ್ಣೆಯ ಮುಖದಲ್ಲಿ, ಬರಬೇಕಾದ ಮರಳು ಬಾರದೆ, ಕಡಲು ದಂಡೆಯನ್ನು ಕೊರೆಯುತ್ತಿದೆ. ಹೂಳಿನ ಮಾತು ಬಂದಾಗ ನಾವು ಕಳೆದುಹೋದ ನೀರನ್ನು ಲೆಕ್ಕ ಹಾಕುತ್ತೇವೆ; ಕಡಲಿಗೆ ಸಲ್ಲಬೇಕಾಗಿದ್ದ ಮರಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ತರಗತಿಯಲ್ಲಿ ಆ ಹುಡುಗನಿಗೆ ಇಷ್ಟನ್ನೂ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಈಗ ನಮ್ಮ ಮರಳು ಎಲ್ಲಿಯವರೆಗೆ ಹೋಗುತ್ತದೆ, ಸಾರ್?" ಎಂದ.

"ಹೊಸಪೇಟೆಯವರೆಗೆ" ಎಂದೆ.