ಕಾಣಿಕೆ

‘ಕಾಣ್’ ಧಾತುವಿಗೆ ‘ಇಕೆ’ ಸೇರಿ ‘ಕಾಣಿಕೆ’. ತಮಿಳಿನಲ್ಲಿ ‘ಕಾಣಿಕ್ಕೈ’, ತೆಲುಗಿನಲ್ಲಿ ‘ಕಾನುಕ’. ದೊಡ್ಡವರನ್ನು ಕಾಣಲು ಬರಿಗೈಯಲ್ಲಿ ಹೋಗಬಾರದು, ಒಯ್ದದ್ದೇ ಕಾಣಿಕೆ. ಹಂಪಿಯ ಅರಸರ ಮುಂದೆ ಸಾಮಂತರು ಇಟ್ಟದ್ದೂ ಅದೇ, ಸಂಡೂರಿನ ಕುಮಾರಸ್ವಾಮಿಗೆ ಭಕ್ತರು ಒಪ್ಪಿಸುವುದೂ ಅದೇ.

1810ರಲ್ಲಿ ಬಳ್ಳಾರಿಗೆ ಬಂದು, ಬೈಬಲನ್ನು ಕನ್ನಡಕ್ಕೆ ತಂದ ಮಿಷನರಿ ಜಾನ್ ಹ್ಯಾಂಡ್ಸ್ ದುಡಿದ ಸೀಮೆಯೂ ಇದೇ. ಹೊಸಪೇಟೆ, ಕಂಪ್ಲಿಯ ಕ್ರೈಸ್ತರಿಗೂ ಆರಾಧನೆಯಲ್ಲಿ ಕೊಡುವುದು ‘ಕಾಣಿಕೆ’ಯೇ. ಆದರೆ ಇಲ್ಲಿ ಪದದ ಒಳಗು ಬೇರೆ. ಅರಸನಿಗೆ ಕೊಡುತ್ತಿದ್ದುದು ಕೃಪೆ ಪಡೆಯಲು. ದೇವರಿಗೆ ಕೊಡುವುದು ಆಗಲೇ ಪಡೆದುದಕ್ಕಾಗಿ, ನಾಳೆಯ ಅನ್ನವನ್ನೂ ಆತನೇ ನೋಡಿಕೊಳ್ಳುತ್ತಾನೆಂದು ನಂಬಿ. ಮಾರ್ಕನ ಸುವಾರ್ತೆಯ 12ನೆಯ ಅಧ್ಯಾಯದ ಬಡ ವಿಧವೆ ಹಾಕಿದ್ದು ಎರಡೇ ಕಾಸು. ಅವಳಲ್ಲಿದ್ದದ್ದೂ ಅಷ್ಟೇ. ಯೇಸು ಅದನ್ನು ಕಂಡನು.