ಕೊಪ್ಪಳದ ಕೋಟೆಯಲ್ಲಿ ನೀರು ಹುಡುಕುತ್ತಾ

ಮೇ ಕೊನೆಯ ವಾರದಲ್ಲಿ ಕೊಪ್ಪಳದ ಕೋಟೆ ಹತ್ತುತ್ತೇನೆಂದಾಗ ಯಲಬುರ್ಗಾದಲ್ಲಿರುವ ನನ್ನ ಅಜ್ಜಿ, "ಇಂಥಾ ಬಿಸಲಾಗ ಕಲ್ಲು ನೋಡಾಕ ಹೊಂಟಿಯೇನು?" ಎಂದು ಬೈದಳು. ನನಗೆ ಆ ಬಿಸಿಲೇ ಬೇಕಿತ್ತು. 1858ರ ಜೂನ್ 1ರಂದು ಮುಂಡರಗಿ ಭೀಮರಾಯ ಮತ್ತು ಹಮ್ಮಿಗಿ ಕೆಂಚನಗೌಡ ಬ್ರಿಟಿಷರೊಡನೆ ಹೋರಾಡಿ ಸತ್ತದ್ದು ಇದೇ ಕೋಟೆಯಲ್ಲಿ. ಅವರು ಕಂಡ ಕೋಟೆಯನ್ನು ಅದೇ ದಿನಗಳಲ್ಲಿ ನೋಡಬೇಕೆಂಬುದು ನನ್ನ ಹಟ.

ನನ್ನ ಸಂಶೋಧನಾ ಪ್ರಬಂಧದ ಒಂದು ಅಧ್ಯಾಯ ಬಹಳ ದಿನಗಳಿಂದ ಮುಂದೆ ಹೋಗುತ್ತಿಲ್ಲ. 1786ರಲ್ಲಿ ಟಿಪ್ಪು ಸುಲ್ತಾನ ಪಾಳೆಯಗಾರನಿಂದ ಪಡೆದು, ಫ್ರೆಂಚ್ ಎಂಜಿನಿಯರುಗಳ ನೆರವಿನಿಂದ ಬಲಪಡಿಸಿದ ಕೋಟೆ ಇದು. 1790ರ ಅಕ್ಟೋಬರಿನಲ್ಲಿ ನಿಜಾಮನ ಮತ್ತು ಕಂಪನಿಯ ಸೈನ್ಯಗಳು ಮುತ್ತಿಗೆ ಹಾಕಿದಾಗ ಸುಮಾರು ಆರು ತಿಂಗಳು ಬಗ್ಗಲಿಲ್ಲ. ಆ ಮುತ್ತಿಗೆಯಲ್ಲಿದ್ದ ಎಳೆಯ ಅಧಿಕಾರಿ ಜಾನ್ ಮಾಲ್ಕಮ್, ಭಾರತದಲ್ಲಿ ಇದಕ್ಕಿಂತ ಗಟ್ಟಿ ಜಾಗವನ್ನು ತಾನು ಕಂಡಿಲ್ಲ ಎಂದ. ಅಂಥದ್ದು 1858ರಲ್ಲಿ ಕೆಲವೇ ದಿನಗಳಲ್ಲಿ ಬಿದ್ದದ್ದು ಹೇಗೆ?

ಗೋಡೆ ನೋಡಿದರೆ ಉತ್ತರ ಸಿಗುವುದಿಲ್ಲ. ಕೆಳಕೋಟೆ ದಾಟಿ ಮೇಲ್ಕೋಟೆಗೆ ಏರುವಾಗ ಗುಡ್ಡದ ಹೆಬ್ಬಂಡೆ ಎಲ್ಲಿ ಮುಗಿಯಿತು, ಕಟ್ಟಿದ ಕಲ್ಲು ಎಲ್ಲಿ ಶುರುವಾಯಿತು ಎಂಬುದೇ ಕೆಲವೆಡೆ ತಿಳಿಯದು. (ಕೊಪ್ಪಳಕ್ಕೆ ಬರುವ ಇತಿಹಾಸದವರು ಹೆಚ್ಚಾಗಿ ಗವಿಮಠದ, ಪಾಲ್ಕಿಗುಂಡಿನ ಅಶೋಕನ ಶಾಸನ ನೋಡಿಕೊಂಡು ಹೊರಟುಬಿಡುತ್ತಾರೆ. ನಾನೂ ಮೊದಲ ಸಲ ಹಾಗೇ ಮಾಡಿದ್ದೆ.)

ಮೇಲೆ ಆಡು ಮೇಯಿಸುತ್ತಿದ್ದ ಮುದುಕರೊಬ್ಬರು ಕೇಳಿದರು: "ಏನ ಹುಡಕಾಕತ್ತಿ ಯವ್ವಾ?"

"ನೀರು, ಯಜ್ಜಾ."

ಅವರು ನಕ್ಕು ಬಂಡೆಯ ನಡುವಿನ ಹೊಂಡವೊಂದನ್ನು ತೋರಿಸಿದರು. ತಳದಲ್ಲಿ ಹಸಿರು ಪಾಚಿ. "ದೀಪಾವಳಿಗೆ ಬಾ, ತುಂಬಿರತೈತಿ. ಈಗೇನೈತಿ? ಬರೇ ರಾಡಿ."

ದೀಪಾವಳಿ, ಅಂದರೆ ಅಕ್ಟೋಬರ್–ನವೆಂಬರ್. 1790ರಲ್ಲಿ ಮುತ್ತಿಗೆ ಶುರುವಾದದ್ದು ಹಿಂಗಾರು ಮಳೆಯ ಕಾಲದಲ್ಲಿ, ಕೋಟೆ ಶರಣಾದದ್ದು ಏಪ್ರಿಲ್‌ನಲ್ಲಿ. ಅದಕ್ಕೂ ಮೊದಲು, ಮಾರ್ಚ್‌ನಲ್ಲಿ, ಬೆಂಗಳೂರು ಕಾರ್ನ್‌ವಾಲಿಸನ ವಶವಾಗಿತ್ತು. ಆ ಸುದ್ದಿಯೇ ಒಳಗಿದ್ದವರ ಧೈರ್ಯ ಕೆಡಿಸಿತು ಎಂಬುದು ಪುಸ್ತಕಗಳಲ್ಲಿರುವ ಕಾರಣ. ಹೊಂಡದ ಪಾಲೂ ಇರಬಹುದೆಂದು ನನಗೆ ಆಗ ಹೊಳೆಯಿತು. ಇದು ಊಹೆ, ಪ್ರಬಂಧದಲ್ಲಿ ಬರೆಯುವಂತಿಲ್ಲ.

ಭೀಮರಾಯನಿಗೆ ಕಾಲವನ್ನು ಆರಿಸಿಕೊಳ್ಳುವ ಅವಕಾಶವೇ ಇರಲಿಲ್ಲ. ಹಮ್ಮಿಗಿಯಲ್ಲಿ ಬಚ್ಚಿಟ್ಟ ಆಯುಧಗಳು ಸರ್ಕಾರದ ಕೈಗೆ ಸಿಕ್ಕವು. ಇನ್ನು ಕಾಯುವಂತಿರಲಿಲ್ಲ. ಡಂಬಳದ ಖಜಾನೆ ಲೂಟಿ ಮಾಡಿ, ಮೇ ಕೊನೆಯಲ್ಲಿ ಈ ಕೋಟೆ ಹಿಡಿದ. ಬೆನ್ನಿಗೇ ಮೇಜರ್ ಹ್ಯೂಸ್ ಸೈನ್ಯದೊಂದಿಗೆ ಬಂದ. ಅದೇ ದಿನಗಳಲ್ಲಿ ನರಗುಂದವೂ ಬಿತ್ತು. ಅಲ್ಲಿಯ ಬಾಬಾಸಾಹೇಬನನ್ನು ಜೂನ್ 12ರಂದು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ಹೊರಗಿಂದ ಬರುವವರು ಯಾರೂ ಉಳಿದಿರಲಿಲ್ಲ. ಒಳಗೆ, ವರ್ಷದಲ್ಲೇ ನೀರು ಅತಿ ಕಡಿಮೆ ಇರುವ ವಾರ.

ಇಷ್ಟನ್ನೂ ಆ ಬಂಡೆಯ ಮೇಲೆ ಕೂತು ಗೀಚಿಕೊಳ್ಳುವಷ್ಟರಲ್ಲಿ ನನ್ನ ಬಾಟಲಿ ಖಾಲಿಯಾಗಿತ್ತು. ಯಜ್ಜ ತಮ್ಮ ಕ್ಯಾನಿನಿಂದ ಅರ್ಧ ತುಂಬಿಸಿ ಕೊಟ್ಟರು. "ಒಮ್ಮೆಲೆ ಕುಡೀಬ್ಯಾಡ. ಇಳಿಯೂತನಕ ಬೇಕಾಕೈತಿ."