ಅಕ್ಕನ ರಾತ್ರಿಪಾಳಿ

ಮುಂಬಯಿ ಕನ್ನಡಿಗರು ಎಂದ ಕೂಡಲೇ ಊರಿನವರ ಕಣ್ಣಮುಂದೆ ಬರುವುದು ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಕಲಿತ ಹುಡುಗರು. ನಾನೂ ಅವರಲ್ಲೊಬ್ಬ. 1971ರಲ್ಲಿ ಹದಿಮೂರು ವರ್ಷದವನಾಗಿ ಕುಂದಾಪುರದ ಕಡೆಯಿಂದ ಬಂದು, ಫೋರ್ಟಿನ ಒಂದು ಹೋಟೆಲಿನಲ್ಲಿ ಟೇಬಲ್ ಒರೆಸಿ, ರಾತ್ರಿ ಹೈಸ್ಕೂಲಿನಲ್ಲಿ ಓದಿ, ಮುಂದೆ ಬ್ಯಾಂಕು ಸೇರಿ ಎಂ.ಕಾಂ. ಮಾಡಿಕೊಂಡವನು. ಈ ಕತೆಯನ್ನು ಸಂಘದ ವೇದಿಕೆಗಳಲ್ಲಿ ಎಷ್ಟು ಸಲ ಹೇಳಿದ್ದೇನೆ, ಎಷ್ಟು ಶಾಲು ಹೊದೆಸಿಕೊಂಡಿದ್ದೇನೆ ಎಂಬುದಕ್ಕೆ ಲೆಕ್ಕವಿಲ್ಲ. ಲೆಕ್ಕ ಬರೆಯುವುದೇ ನನ್ನ ಕಸುಬಾಗಿದ್ದರೂ!

ದುಡಿಯುತ್ತಾ ಕಲಿತವರ ಚರಿತ್ರೆಯಲ್ಲಿ ಇನ್ನೊಂದು ಪುಟವಿದೆ. ಅದು ಆಸ್ಪತ್ರೆಯ ವಾರ್ಡಿನದು. ನನಗೆ ಅದು ಗೊತ್ತಾದದ್ದು ದೊಡ್ಡಮ್ಮನ ಮಗಳಾದ ನನ್ನ ಅಕ್ಕನಿಂದ. ಅವಳು ನನಗಿಂತ ಐದು ವರ್ಷ ಮೊದಲೇ, 1966ರಲ್ಲಿ, ಮುಂಬಯಿಗೆ ಬಂದು ಒಂದು ದೊಡ್ಡ ಆಸ್ಪತ್ರೆಯಲ್ಲಿ ನರ್ಸಿಂಗ್ ತರಬೇತಿಗೆ ಸೇರಿದವಳು. ಊಟ, ಹಾಸ್ಟೆಲು, ಸಣ್ಣದೊಂದು ಸ್ಟೈಪೆಂಡ್ ಸಿಗುತ್ತದೆಂಬ ಕಾರಣಕ್ಕೇ ದೊಡ್ಡಪ್ಪ ಒಪ್ಪಿದ್ದು. ಫೀಸು ಕೊಟ್ಟು ಹುಡುಗಿಯನ್ನು ಓದಿಸುವ ಶಕ್ತಿ ಅವರಿಗಿರಲಿಲ್ಲ.

ನನಗೆ ಕೆಲಸದ ಜಾಗ ಬೇರೆ, ಶಾಲೆ ಬೇರೆ. ಹೋಟೆಲಿನಿಂದ ಹೊರಬಿದ್ದರೆ ನಾನು ವಿದ್ಯಾರ್ಥಿ. ಅಕ್ಕನಿಗೆ ಎರಡೂ ಒಂದೇ ಕಟ್ಟಡ. ರಾತ್ರಿಯಿಡೀ ವಾರ್ಡಿನಲ್ಲಿ ನಿಂತು, ಬೆಳಿಗ್ಗೆ ಚಾರ್ಜ್ ಒಪ್ಪಿಸಿ, ಸ್ನಾನ ಮಾಡಿ, ಹತ್ತು ಗಂಟೆಗೆ ಲೆಕ್ಚರಿಗೆ ಹೋಗಿ ಕೂರಬೇಕು. ಕನ್ನಡ ಮಾಧ್ಯಮದಲ್ಲಿ ಓದಿ ಬಂದವಳಿಗೆ ಅಂಗರಚನಾ ಶಾಸ್ತ್ರ ಇಂಗ್ಲಿಷಿನಲ್ಲಿ. ಒಂದೊಂದು ಎಲುಬಿನ ಹೆಸರನ್ನೂ ಕನ್ನಡ ಲಿಪಿಯಲ್ಲಿ ಬರೆದುಕೊಂಡು ಬಾಯಿಪಾಠ ಮಾಡುತ್ತಿದ್ದಳಂತೆ. ನಾನು ತರಗತಿಯಲ್ಲಿ ತೂಕಡಿಸಿದರೆ ಮೇಷ್ಟ್ರು ಕಂಡೂ ಕಾಣದಂತೆ ಇರುತ್ತಿದ್ದರು. ಹೋಟೆಲು ಹುಡುಗರೆಂಬ ಕರುಣೆ. ವಾರ್ಡಿನಲ್ಲಿ ತೂಕಡಿಸಿದರೆ ರೋಗಿಯ ಜೀವಕ್ಕೇ ಅಪಾಯ.

ಇದು ಅವಳ ಆಸ್ಪತ್ರೆಯೊಂದರದೇ ರೂಢಿಯಲ್ಲ. 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಹೆಸರಿನ ಶಾಲೆ ಶುರುವಾದಾಗ ಕಲಿಯಲು ಬಂದವರಿಗೆ ಊಟ, ವಸತಿ, ಬಟ್ಟೆಯ ಜೊತೆ ವರ್ಷಕ್ಕೆ 10 ಪೌಂಡು ಕೈಖರ್ಚು ಕೊಡುತ್ತಿದ್ದರು. ಅವರು ವಾರ್ಡಿನಲ್ಲಿ ಕೆಲಸ ಮಾಡುತ್ತಲೇ ಕಲಿಯಬೇಕಿತ್ತು. ಈ ಪದ್ಧತಿಯೇ ಹಡಗು ಹತ್ತಿ ನಮ್ಮಲ್ಲಿಗೂ ಬಂತು. ಮುಂಬಯಿಯಲ್ಲಿ ಕಾಮಾ ಆಸ್ಪತ್ರೆ ತೆರೆದದ್ದು 1886ರಲ್ಲಿ. 1891ರಲ್ಲಿ ತರಬೇತಿಗೆ ಬಂದ ಮೊದಲ ಭಾರತೀಯ ಮಹಿಳೆ ಎಂದು ಕಾಶೀಬಾಯಿ ಗಣಪತ್ ಅವರ ಹೆಸರನ್ನು ನರ್ಸಿಂಗ್ ಚರಿತ್ರೆಯ ಪುಸ್ತಕಗಳು ದಾಖಲಿಸಿವೆ. ಬ್ಯಾಂಕಿನವನ ಕಣ್ಣಿನಿಂದ ನೋಡಿದರೆ ವ್ಯವಹಾರ ಸ್ಪಷ್ಟ: ಸ್ಟೈಪೆಂಡು ಖರ್ಚಿನ ಬಾಬ್ತಿಗೆ ಬೀಳುತ್ತದೆ, ಆ ಹುಡುಗಿಯರ ದುಡಿಮೆ ಮಾತ್ರ ಯಾವ ಬಾಬ್ತಿನಲ್ಲೂ ಕಾಣುವುದಿಲ್ಲ.

ಸ್ವಾತಂತ್ರ್ಯದ ಹೊಸ್ತಿಲಲ್ಲಿ, 1946ರಲ್ಲಿ, ಭೋರ್ ಸಮಿತಿ ಕೊಟ್ಟ ವರದಿಯ ಪ್ರಕಾರ ದೇಶದಲ್ಲಿ ಇದ್ದ ನರ್ಸುಗಳು ಸುಮಾರು 7,000. ಅಂದರೆ 43,000 ಜನರಿಗೆ ಒಬ್ಬರು. ಅವರ ದುಡಿಮೆಯ ಸ್ಥಿತಿಗತಿ ಚೆನ್ನಾಗಿಲ್ಲವೆಂದೂ ಸಮಿತಿ ಬರೆಯಿತು. ಅದೇ ವರ್ಷ ದೆಹಲಿ ಮತ್ತು ವೆಲ್ಲೂರಿನಲ್ಲಿ ನರ್ಸಿಂಗ್ ಪದವಿ ತರಗತಿಗಳು ಶುರುವಾದವು. 1947ರಲ್ಲಿ ಭಾರತೀಯ ನರ್ಸಿಂಗ್ ಕೌನ್ಸಿಲಿನ ಕಾಯ್ದೆ ಬಂತು. ಪದವಿಯ ಬಾಗಿಲು ತೆರೆಯಿತು ನಿಜ, ಆದರೆ ಆಗಲೇ ಕೆಲಸದಲ್ಲಿದ್ದ ಡಿಪ್ಲೊಮಾ ನರ್ಸು ಅದನ್ನು ದಾಟಬೇಕಾದರೆ ಎರಡು ವರ್ಷ ವಾರ್ಡು ಬಿಟ್ಟು ಕಾಲೇಜಿನಲ್ಲಿ ಕೂರಬೇಕಿತ್ತು.

ಅಕ್ಕ ಸಿಕ್ಕಿಬಿದ್ದದ್ದು ಇಲ್ಲೇ. 1982ರ ಜನವರಿಯಲ್ಲಿ ಗಿರಣಿ ಮುಷ್ಕರ ಶುರುವಾಗಿ ಭಾವನ ಕೆಲಸ ಹೋಯಿತು. ಇಬ್ಬರು ಮಕ್ಕಳು, ಅತ್ತೆ, ಪರೇಲಿನ ಚಾಳಿನ ಒಂದು ಕೋಣೆ. ಪದವಿಯಾದರೆ ಮೇಲಿನ ಹುದ್ದೆಗೆ ದಾರಿ ಎಂದು ಅವಳು ಮರುವರ್ಷ ರಜೆ ಕೇಳಿದಳು. ಸಂಬಳವಿಲ್ಲದ ರಜೆಯಾದರೆ ನೋಡೋಣ ಎಂದರು ಆಫೀಸಿನವರು. ಇಡೀ ಮನೆ ನಡೆಯುತ್ತಿದ್ದುದೇ ಆ ಸಂಬಳದಲ್ಲಿ.

ನನ್ನ ಹತ್ತಿರ ಹೇಳಿಕೊಳ್ಳಲು ಬಂದಾಗ ನಾನು ಅಂದದ್ದು ಇನ್ನೂ ಕಿವಿಯಲ್ಲಿದೆ: "ಮೂವತ್ತೈದು ಆಯ್ತಲ್ಲ ಅಕ್ಕ, ಇನ್ನು ಡಿಗ್ರಿ ಎಂತಕ್ಕೆ?"

ಆಗ ನಾನೂ ಎಂ.ಕಾಂ.ಗೆ ಓದುತ್ತಿದ್ದೆ. ಬ್ಯಾಂಕಿನವರ ಸಿ.ಎ.ಐ.ಐ.ಬಿ. ಪರೀಕ್ಷೆ ಪಾಸು ಮಾಡಿದರೆ ಇನ್‌ಕ್ರಿಮೆಂಟ್ ಸಿಗುತ್ತಿತ್ತು, ಪರೀಕ್ಷೆ ಹತ್ತಿರ ಬಂದರೆ ರಜೆ ಸಿಗುತ್ತಿತ್ತು, ಮನೆಯಲ್ಲಿ ಬಿಸಿ ಚಹಾ ಮೇಜಿಗೆ ಬರುತ್ತಿತ್ತು. ಅವಳು ಏನೂ ಹೇಳದೆ ಚೀಲ ಎತ್ತಿಕೊಂಡು ಡ್ಯೂಟಿಗೆ ಹೋದಳು.

1994ರಲ್ಲಿ ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯ, ಕೆಲಸದಲ್ಲಿರುವ ನರ್ಸುಗಳಿಗೆಂದೇ ದೂರಶಿಕ್ಷಣದ ಪದವಿ ಶುರುಮಾಡಿತು. ಕೆಲಸ ಬಿಡಬೇಕಾಗಿಲ್ಲ. ಮಕ್ಕಳು ದೊಡ್ಡವರಾಗಿದ್ದರು. ನನಗೆ ಒಂದು ಮಾತೂ ಹೇಳದೆ ಅಕ್ಕ ಅರ್ಜಿ ಹಾಕಿದಳು. ಸುಲಭವೇನೂ ಆಗಲಿಲ್ಲ. ಕ್ಲಾಸಿದ್ದ ದಿನಗಳಿಗಾಗಿ ಪಾಳಿ ಅದಲುಬದಲು ಮಾಡಿಕೊಳ್ಳಬೇಕು. ಆ ಋಣಕ್ಕೆ ಜೊತೆಯ ಮಲಯಾಳಿ ಸಿಸ್ಟರುಗಳ ಓಣಂ, ಕ್ರಿಸ್‌ಮಸ್ ಪಾಳಿಗಳನ್ನೆಲ್ಲ ಇವಳು ಮಾಡಿಕೊಟ್ಟಳು. ಲೋಕಲ್ ಟ್ರೇನಿನ ಹೆಂಗಸರ ಡಬ್ಬಿಯಲ್ಲಿ ನಿಂತುಕೊಂಡೇ ಓದಿದಳು. ನಾಲ್ಕು ವರ್ಷ ಹಿಡಿಯಿತು. ಪಾಸಾದಾಗ ಐವತ್ತು ತುಂಬಿತ್ತು. ನಿವೃತ್ತಿಗೆ ಎಂಟು ವರ್ಷ. ಅವಳು ಕಾದಿದ್ದ ಹುದ್ದೆ ಅಷ್ಟರಲ್ಲಿ ಬೇರೆಯವರ ಪಾಲಾಗಿತ್ತು. ಕೊನೆಯ ವರ್ಷಗಳಲ್ಲಿ ಹೊಸ ಹುಡುಗಿಯರಿಗೆ ಪಾಠ ಹೇಳುವ ಕೆಲಸವನ್ನಾದರೂ ಕೊಟ್ಟರು. ರಾತ್ರಿಪಾಳಿ ಮುಗಿಸಿ ಬಂದವರನ್ನು ಹಿಂದಿನ ಬೆಂಚಿನಲ್ಲಿ ಕೂರಿಸಿ, ನಿದ್ದೆ ಬಂದರೆ ಎಬ್ಬಿಸುತ್ತಿರಲಿಲ್ಲವಂತೆ.

ಕಳೆದ ವರ್ಷ ಸಂಘದವರು ವಾರ್ಷಿಕೋತ್ಸವಕ್ಕೆ ರಾತ್ರಿಶಾಲೆಯ ನೆನಪು ಹೇಳಲು ನನ್ನನ್ನು ಕರೆದರು. ನನ್ನದನ್ನು ಕೇಳಿ ಕೇಳಿ ಎಲ್ಲರಿಗೂ ಸಾಕಾಗಿದೆ, ಈ ಸಲ ಅಕ್ಕನನ್ನು ಕರೆಯಿರಿ ಎಂದೆ. ಅವರು ಒಪ್ಪಿದರು. ನಾನೇ ಫೋನ್ ಮಾಡಿದೆ.

"ಸಭೆ ಎಷ್ಟು ಗಂಟೆಗೆ?" ಎಂದಳು.

"ಸಂಜೆ ಏಳಕ್ಕೆ."

"ಬೇಡ ಮಾರಾಯ. ಎಂಟಕ್ಕೆಲ್ಲ ಮಲಗಿಬಿಡ್ತೇನೆ ನಾನು. ಹಳೇ ನಿದ್ದೆ ತುಂಬ ಬಾಕಿ ಉಂಟು."